ಊರು ಸೇರದ ಬೈಸಿಕಲ್

ಬೈಸಿಕಲ್ಲನ್ನು ಕಂಡರಿಯದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಎಷ್ಟು ತುಳಿದರೂ ಇದ್ದ ಜಾಗದಿಂದ ಒಂದಂಗುಲವೂ ಕದಲದ ಬೈಸಿಕಲ್ಲೊಂದು ಈಚಿನ ವರ್ಷಗಳಲ್ಲಿ ಅನೇಕ ಮನೆಗಳ ಮೂಲೆಗಳನ್ನು ಸೇರಿಕೊಂಡಿದೆ. ನೆಲದ ಮೇಲೆ ಉರುಳುವ ಗಾಲಿಗಳಾಗಲಿ, ದಾರಿಹೋಕರನ್ನು ಎಚ್ಚರಿಸುವ ಗಂಟೆಯಾಗಲಿ ಇದಕ್ಕಿಲ್ಲ. ಅರ್ಧ ಗಂಟೆ ತುಳಿದ ಮೇಲೆ ಇದರ ಮುಂಭಾಗದ ಚಿಕ್ಕ ಫಲಕದಲ್ಲಿ ‘10 ಕಿ.ಮೀ.’ ಎಂಬ ಅಂಕಿ ಮೂಡುತ್ತದೆ. ಇಳಿದು ನೋಡಿದರೆ ಹೊರಟ ಕೋಣೆಯಲ್ಲೇ ಇದ್ದೇವೆ! ಹಾಗಾದರೆ ಅಷ್ಟು ಹೊತ್ತು ವ್ಯಯವಾದ ಶಕ್ತಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ, ಈ ಯಂತ್ರದ ಮೇಲೆ ಹೆಚ್ಚು ಹೊತ್ತು, ಹೆಚ್ಚು ಸುಖವಾಗಿ ವ್ಯಾಯಾಮ ಮಾಡುವ ಬಗೆಯೂ ತಾನಾಗಿ ಹೊಳೆಯುತ್ತದೆ.

ಉತ್ತರ ತಿಳಿಯದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆವು. ನಮ್ಮ ತಂದೆಯವರಿಗೆ ವೈದ್ಯರು ದಿನವೂ ಅರ್ಧ ಗಂಟೆ ಇಂಥ ಬೈಸಿಕಲ್ ತುಳಿಯಬೇಕೆಂದು ಹೇಳಿದ್ದರು. ಮೂವತ್ತು ವರ್ಷಗಳ ಕಾಲ ಕಚೇರಿಗೆ ಸೈಕಲ್ಲಿನ ಮೇಲೆಯೇ ಹೋಗಿಬಂದವರು ಅವರು. ಆದುದರಿಂದ ಯಂತ್ರ ಮನೆಗೆ ಬಂದ ದಿನ ಯಾರಿಗೂ ಯಾವ ಸಂಶಯವೂ ಇರಲಿಲ್ಲ. ಆದರೆ ಮೊದಲ ದಿನ ಹತ್ತು ನಿಮಿಷಕ್ಕೇ ಅವರು ಏದುಸಿರು ಬಿಡುತ್ತ ಇಳಿದರು. ವಾರ ಕಳೆಯುವುದರೊಳಗೆ ಮಂಡಿನೋವು ಕಾಣಿಸಿಕೊಂಡಿತು. ಹದಿನೈದನೆಯ ದಿನ ಹ್ಯಾಂಡಲ್ಲಿನ ಮೇಲೆ ಒದ್ದೆ ಟವಲು ಒಣಗುತ್ತಿತ್ತು. “ಕಾಲಿನಲ್ಲಿ ಮೊದಲಿನ ಸತ್ತ್ವ ಉಳಿದಿಲ್ಲ, ಬಿಡಪ್ಪ” ಎಂದು ಅವರು ಹೇಳಿದಾಗ, ತರಗತಿಯಲ್ಲಿ ಉಷ್ಣದ ಪಾಠ ಹೇಳುವ ನಾವೂ ಆ ಮಾತನ್ನು ಒಪ್ಪಿಕೊಂಡುಬಿಟ್ಟೆವು. ನಾವು ಒಪ್ಪಬಾರದಾಗಿತ್ತು. ಅವರ ಕಾಲನ್ನು ದೂರುವ ಮೊದಲು ಯಂತ್ರವನ್ನೂ ಕೋಣೆಯನ್ನೂ ಪರೀಕ್ಷಿಸಬೇಕಾಗಿತ್ತು.

ತುಳಿದ ಶಕ್ತಿಯ ಗತಿ

ನಿಂತಲ್ಲೇ ತುಳಿಯುವ ಯಂತ್ರಗಳ ಇತಿಹಾಸ ಬೈಸಿಕಲ್ಲಿನ ಇತಿಹಾಸಕ್ಕಿಂತಲೂ ಹಳೆಯದು. 1796ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಲೌಂಡ್ಸ್ ಎಂಬಾತ ‘ಜಿಮ್ನ್ಯಾಸ್ಟಿಕಾನ್’ ಎಂಬ ಯಂತ್ರಕ್ಕೆ ಪೇಟೆಂಟು ಪಡೆದನು. ಕೈಗಳಿಗೂ ಕಾಲುಗಳಿಗೂ ಒಟ್ಟಿಗೆ ವ್ಯಾಯಾಮ ಕೊಡಲು ಅದರಲ್ಲಿ ಭಾರವಾದ ಚಕ್ರಗಳಿದ್ದವು. ಮುಂದೆ ದೇಹದ ಶ್ರಮವನ್ನು ಅಳೆಯಲು ವಿಜ್ಞಾನಿಗಳು ಇಂಥ ಯಂತ್ರವನ್ನೇ ಆಶ್ರಯಿಸಿದರು. ಡೆನ್ಮಾರ್ಕಿನ ಶರೀರಕ್ರಿಯಾವಿಜ್ಞಾನಿ ಆಗಸ್ಟ್ ಕ್ರೋಗ್ 1913ರಲ್ಲಿ ವಿದ್ಯುತ್ಕಾಂತದಿಂದ ತಡೆಯೊಡ್ಡುವ ಬೈಸಿಕಲ್ ಮಾಪಕವೊಂದನ್ನು ವರ್ಣಿಸಿದನು. ಅತಿ ಸೂಕ್ಷ್ಮ ರಕ್ತನಾಳಗಳ ಕಾರ್ಯವನ್ನು ಕುರಿತ ಸಂಶೋಧನೆಗಾಗಿ 1920ರಲ್ಲಿ ನೊಬೆಲ್ ಬಹುಮಾನ ಪಡೆದವನೂ ಇವನೇ.

ಇಂದಿನ ಮನೆಬಳಕೆಯ ಯಂತ್ರದಲ್ಲಿಯೂ ಪೆಡಲಿಗೆ ಒಂದು ಭಾರವಾದ ಚಕ್ರವನ್ನು ಪಟ್ಟಿಯಿಂದಲೋ ಚೈನಿನಿಂದಲೋ ಜೋಡಿಸಿರುತ್ತಾರೆ. ಇದೇ ಫ್ಲೈವೀಲ್. ಅದರ ಅಂಚಿಗೆ ಕಂಬಳಿಯಂಥ ಗಟ್ಟಿ ಬಟ್ಟೆಯ ತುಂಡನ್ನು ಒತ್ತಿ ತಡೆಯುವುದು ಒಂದು ಬಗೆ. ಲೋಹದ ಚಕ್ರದ ಅಂಚಿನ ಸಮೀಪಕ್ಕೆ, ಮುಟ್ಟದ ಹಾಗೆ, ಅಯಸ್ಕಾಂತಗಳನ್ನು ತರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ತಿರುಗುವ ಲೋಹದೊಳಗೆ ಸುಳಿಸುಳಿಯಾದ ವಿದ್ಯುತ್ಪ್ರವಾಹಗಳು ಹುಟ್ಟುತ್ತವೆ. ಲೆನ್ಸನ ನಿಯಮದಂತೆ ಅವು ತಮ್ಮ ಹುಟ್ಟಿಗೆ ಕಾರಣವಾದ ಚಲನೆಯನ್ನೇ ವಿರೋಧಿಸುತ್ತವೆ. ಬಗೆ ಯಾವುದೇ ಇರಲಿ, ಫಲ ಒಂದೇ: ಪೆಡಲಿಗೆ ನಾವು ಕೊಟ್ಟ ಶಕ್ತಿಯೆಲ್ಲ ಕೊನೆಗೆ ಉಷ್ಣವಾಗುತ್ತದೆ. 1845ರಲ್ಲಿ ಜೂಲ್ ಬೀಳುವ ತೂಕಗಳಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ, ಯಾಂತ್ರಿಕ ಶಕ್ತಿ ಉಷ್ಣವಾಗುವುದನ್ನು ತೋರಿಸಿದನಷ್ಟೆ. ಮನೆಯ ಮೂಲೆಯಲ್ಲಿ ನಾವು ನಡೆಸುತ್ತಿರುವುದೂ ಅದೇ ಪ್ರಯೋಗ. ಬೀಳುವ ತೂಕದ ಬದಲು ಇಲ್ಲಿ ನಾವೇ ಇದ್ದೇವೆ.

ಆದರೆ ಯಂತ್ರದಲ್ಲಿ ಹುಟ್ಟುವ ಉಷ್ಣ ನಮ್ಮನ್ನು ಅಷ್ಟಾಗಿ ಬಾಧಿಸುವುದಿಲ್ಲ. ಅದಕ್ಕಿಂತ ಬಹಳ ಹೆಚ್ಚಿನ ಉಷ್ಣ ಹುಟ್ಟುವುದು ತುಳಿಯುವವನ ಮೈಯೊಳಗೆ.

ದೇಹವೆಂಬ ಎಂಜಿನ್

ನಮ್ಮ ಸ್ನಾಯುಗಳೂ ಒಂದು ಬಗೆಯ ಎಂಜಿನ್ನುಗಳೇ. ಆಹಾರದಿಂದ ಪಡೆದ ಶಕ್ತಿಯಲ್ಲಿ ನೂರಕ್ಕೆ 20ರಿಂದ 25ರಷ್ಟನ್ನು ಮಾತ್ರ ಅವು ಪೆಡಲಿಗೆ ಮುಟ್ಟಿಸಬಲ್ಲವು. ಉಳಿದುದೆಲ್ಲ ಮೈಯಲ್ಲಿಯೇ ಉಷ್ಣವಾಗುತ್ತದೆ. ಈಗ ಕೊಂಚ ಲೆಕ್ಕ ಹಾಕೋಣ. ಆರೋಗ್ಯವಂತ ತರುಣನೊಬ್ಬ ಪೆಡಲಿಗೆ 100 ವ್ಯಾಟ್ ಸಾಮರ್ಥ್ಯ ಒದಗಿಸುತ್ತಿದ್ದಾನೆಂದು ಇಟ್ಟುಕೊಳ್ಳಿ. ನೂರಕ್ಕೆ 20ರ ಲೆಕ್ಕದಲ್ಲಿ ಅವನ ದೇಹ ವ್ಯಯಿಸುವುದು 500 ವ್ಯಾಟ್. ಮಿಕ್ಕ 400 ವ್ಯಾಟ್, ಎಂದರೆ ಸೆಕೆಂಡಿಗೆ 400 ಜೂಲ್ ಉಷ್ಣ, ಅವನ ಮೈಯಿಂದ ಹೊರಬೀಳಬೇಕು.

ಹೊರಬೀಳದಿದ್ದರೆ? ಮನುಷ್ಯದೇಹದ ಒಂದು ಕಿಲೋಗ್ರಾಂ ಭಾಗವನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 3,500 ಜೂಲ್ ಬೇಕು. ತರುಣನ ತೂಕ 60 ಕಿಲೋಗ್ರಾಂ ಆದರೆ, ಅವನ ಮೈ ಒಂದು ಡಿಗ್ರಿ ಏರಲು 2,10,000 ಜೂಲ್ ಸಾಕು. ಸೆಕೆಂಡಿಗೆ 400ರಂತೆ ಅಷ್ಟು ಉಷ್ಣ ಕೂಡಿಬೀಳಲು ಒಂಬತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಿಲ್ಲ! ಉಷ್ಣವೆಲ್ಲ ಒಳಗೇ ನಿಂತರೆ ಅರ್ಧ ಗಂಟೆಯಲ್ಲಿ ಮೈಯ ಕಾವು ಮೂರು ಡಿಗ್ರಿಗೂ ಮೀರಿ ಏರಿ, 40 ಡಿಗ್ರಿಯ ಜ್ವರ ಬಂದವನ ಸ್ಥಿತಿ ಒದಗುತ್ತದೆ. ಹಾಗಾಗದಂತೆ ದೇಹ ಎರಡು ಉಪಾಯಗಳನ್ನು ಹೂಡುತ್ತದೆ. ರಕ್ತವನ್ನು ಹೆಚ್ಚುಹೆಚ್ಚಾಗಿ ಚರ್ಮದ ಕಡೆಗೆ ಹರಿಸುವುದು ಒಂದು, ಬೆವರುವುದು ಇನ್ನೊಂದು. ಚರ್ಮಕ್ಕೆ ಹೋದ ರಕ್ತ ಹೃದಯಕ್ಕೆ ಮರಳುವುದು ತಡವಾಗುತ್ತದೆ. ಬೆವರಿನಿಂದ ರಕ್ತದೊಳಗಿನ ನೀರೂ ಇಳಿಯುತ್ತದೆ. ಆಗ ಹೃದಯ ಒಂದೊಂದು ಬಡಿತಕ್ಕೆ ನೂಕುವ ರಕ್ತ ಕಡಮೆಯಾಗಿ, ಅದು ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ತುಳಿತ ಮೊದಲಿನಷ್ಟೇ ಇದ್ದರೂ ನಾಡಿ ಏರುತ್ತ ಹೋಗುವುದು ಇದರಿಂದ. ತುಳಿಯುವವನಿಗೆ ಮಾತ್ರ ತನ್ನ ಕಾಲು ಸೋಲುತ್ತಿದೆಯೆಂದೇ ತೋರುತ್ತದೆ.

ರಸ್ತೆಯ ಮೊದಲ ಕೊಡುಗೆ: ಗಾಳಿ

ಹಾಗಾದರೆ ರಸ್ತೆಯಲ್ಲಿ ಸೈಕಲ್ ತುಳಿಯುವವನಿಗೆ ಇಷ್ಟು ತೊಂದರೆಯೇಕಿಲ್ಲ? ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮೈಗೆ ಸೆಕೆಂಡಿಗೆ ಐದೂವರೆ ಮೀಟರ್ ವೇಗದ ಗಾಳಿ, ಸುತ್ತಮುತ್ತ ಎಲೆ ಅಲುಗದಿದ್ದರೂ, ಬೀಸುತ್ತಲೇ ಇರುತ್ತದೆ. ಅದು ಅವನ ಓಟಕ್ಕೆ ತಡೆಯೊಡ್ಡುವ ಶತ್ರುವೆಂದು ನಾವು ಬಲ್ಲೆವು. ಆದರೆ ಅವನ ಮೈಯ ಕಾವನ್ನು ಒಯ್ಯುವ ಮಿತ್ರನೂ ಅದೇ. ಕೋಣೆಯಲ್ಲಿ ಶತ್ರುವಿನೊಡನೆ ಮಿತ್ರನೂ ಹೊರಟುಹೋಗುತ್ತಾನೆ. ಮೈಯನ್ನು ಸುತ್ತಿದ ತೆಳುವಾದ ಗಾಳಿಯ ಪದರ ಬಿಸಿಯಾಗಿ, ಬೆವರಿನ ಆವಿಯಿಂದ ತುಂಬಿ, ಅಲ್ಲಿಯೇ ನಿಂತುಬಿಡುತ್ತದೆ.

ಬೆವರು ಮೈಯನ್ನು ತಂಪು ಮಾಡುವುದು ಹರಿಯುವುದರಿಂದಲ್ಲ, ಆರುವುದರಿಂದ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಉಷ್ಣವನ್ನು ಕೊಂಡೊಯ್ಯುತ್ತದೆ. ನಮ್ಮ ತರುಣನ 400 ವ್ಯಾಟ್ ಉಷ್ಣವೆಲ್ಲ ಹೀಗೆಯೇ ಹೋಗಬೇಕಾದರೆ ನಿಮಿಷಕ್ಕೆ 10 ಗ್ರಾಂ ಬೆವರು ಆರಬೇಕು. ನೆಲಕ್ಕೆ ತೊಟ್ಟಿಕ್ಕಿದ ಹನಿ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ದೇಹದ ನೀರನ್ನೂ ಉಪ್ಪನ್ನೂ ಕಳೆದು, ತಂಪನ್ನು ಮಾತ್ರ ಕೊಡದೆ ಹೋದ ಹನಿ. “ಹೆಚ್ಚು ಬೆವರಿದಷ್ಟೂ ಹೆಚ್ಚು ಲಾಭ” ಎಂದು ಫ್ಯಾನು ನಿಲ್ಲಿಸಿ ತುಳಿಯುವವರು ಈ ಮಾತನ್ನು ಗಮನಿಸಬೇಕು.

ಊರಿಂದೂರಿಗೆ ಈ ಲೆಕ್ಕ ಬೇರೆಯಾಗುವುದುಂಟು. 35 ಡಿಗ್ರಿಯ ಒದ್ದೆ ಚರ್ಮದ ಮೇಲಿನ ಆವಿಯ ಒತ್ತಡ ಪಾದರಸದ 42 ಮಿಲಿಮೀಟರ್. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ, 30 ಡಿಗ್ರಿ ಕಾವಿನ ಗಾಳಿಯಲ್ಲಿ ತೇವಾಂಶ ನೂರಕ್ಕೆ 80 ಇದ್ದ ದಿನ, ಗಾಳಿಯಲ್ಲಿನ ಆವಿಯ ಒತ್ತಡ ಸುಮಾರು 25 ಮಿಲಿಮೀಟರ್. ಅದೇ ಕಾವಿದ್ದು ತೇವಾಂಶ ನೂರಕ್ಕೆ 40 ಇರುವ ಬಯಲುಸೀಮೆಯ ಊರಿನಲ್ಲಿ ಅದು 13ರ ಸುಮಾರು. ಬೆವರನ್ನು ಆರಿಸುವುದು ಈ ಅಂಕಿಗಳ ವ್ಯತ್ಯಾಸ. ಮೊದಲ ಊರಿನಲ್ಲಿ ವ್ಯತ್ಯಾಸ 17, ಎರಡನೆಯದರಲ್ಲಿ 29. ಕರಾವಳಿಯ ಕೋಣೆಯಲ್ಲಿ ತುಳಿಯುವವನು ಬೇಗ ದಣಿದರೆ ಅವನ ಮೈಯಲ್ಲಿ ದೋಷ ಹುಡುಕಬೇಕಾಗಿಲ್ಲ.

ತೇವಾಂಶ ನಮ್ಮ ಕೈಯಲ್ಲಿಲ್ಲ. ಗಾಳಿಯ ಚಲನೆ ಇದೆ. ಮೈಯ ಸುತ್ತ ಗಾಳಿಯ ವೇಗ ನಾಲ್ಮಡಿಯಾದರೆ ಅದು ಒಯ್ಯುವ ಉಷ್ಣವೂ ಆವಿಯೂ ಸುಮಾರು ಇಮ್ಮಡಿಯಾಗುತ್ತವೆ. ಆದುದರಿಂದ ಈ ಬೈಸಿಕಲ್ಲಿಗೆ ಸೇರಿಸಬಹುದಾದ ಅತ್ಯುತ್ತಮ ಉಪಕರಣವೆಂದರೆ ಫ್ಯಾನು. ಚಾವಣಿಯ ಫ್ಯಾನಿನ ಗಾಳಿ ನೆತ್ತಿಯ ಮೇಲೆ ಬಿದ್ದು ಚದರುವುದರಿಂದ, ಎದೆಯ ಮಟ್ಟದಲ್ಲಿ, ಒಂದೆರಡು ಮೀಟರ್ ದೂರದಲ್ಲಿ, ಎದುರಿನಿಂದ ಬೀಸುವ ಫ್ಯಾನು ಮೇಲು. ಕಿಟಕಿಯೂ ತೆರೆದಿರಲಿ. ಫ್ಯಾನು ಗಾಳಿಯನ್ನು ಸರಿಸುತ್ತದೆಯೇ ಹೊರತು ತಂಪು ಮಾಡುವುದಿಲ್ಲ. ರಾಯಚೂರು, ಕಲಬುರಗಿಗಳ ಬೇಸಗೆಯ ಮಧ್ಯಾಹ್ನದಲ್ಲಿ ಗಾಳಿಯೇ ಮೈಗಿಂತ ಬಿಸಿಯಾಗಿರುವುದರಿಂದ ಅಲ್ಲಿ ಬೆಳಗಿನ ಜಾವವೇ ವ್ಯಾಯಾಮಕ್ಕೆ ತಕ್ಕ ಹೊತ್ತು.

ಬೆವರಿದ ಮೈಗೆ ಗಾಳಿ ತಗುಲಿದರೆ ನೆಗಡಿಯಾಗುತ್ತದೆಂದು ನಮ್ಮ ತಂದೆಯವರು ಫ್ಯಾನನ್ನು ನಿಲ್ಲಿಸಿ ತುಳಿಯುತ್ತಿದ್ದರು. ನೆಗಡಿ ಬರುವುದು ವೈರಸ್ಸುಗಳಿಂದ, ಗಾಳಿಯಿಂದಲ್ಲ ಎಂದೆವು. ವಿದ್ಯುತ್ತಿನ ಖರ್ಚಿನ ಮಾತು ಬಂತು. 50 ವ್ಯಾಟಿನ ಫ್ಯಾನು ದಿನಕ್ಕೆ ಅರ್ಧ ಗಂಟೆ ತಿರುಗಿದರೆ ಒಂದು ಯೂನಿಟ್ಟು ಮುಗಿಯಲು 40 ದಿನ ಬೇಕೆಂದು ತೋರಿಸಿದ ಮೇಲೆ ಫ್ಯಾನು ತಿರುಗಿತು.

ಎರಡನೆಯ ಕೊಡುಗೆ: ಓಟದ ಜಡತ್ವ

ರಸ್ತೆಯ ಸೈಕಲ್ಲಿನಲ್ಲಿ ತುಳಿಯುವುದನ್ನು ಕ್ಷಣಕಾಲ ನಿಲ್ಲಿಸಿದರೂ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. 60 ಕಿಲೋಗ್ರಾಂ ತೂಕದ ಸವಾರನೂ 20 ಕಿಲೋಗ್ರಾಂ ತೂಕದ ಸೈಕಲ್ಲೂ ಸೇರಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಅವುಗಳ ಚಲನಶಕ್ತಿ ಸುಮಾರು 1,230 ಜೂಲ್. ಪೆಡಲು ನೆತ್ತಿಯಲ್ಲಿಯೂ ತಳದಲ್ಲಿಯೂ ಇರುವಾಗ ಕಾಲಿಗೆ ಹೆಚ್ಚಿನ ಬಲ ಹಾಕಲು ಸಾಧ್ಯವಿಲ್ಲ. ಆ ಎರಡು ಸ್ಥಾನಗಳನ್ನು ದಾಟಿಸುವುದು ಈ ಚಲನಶಕ್ತಿಯೇ.

ಮನೆಯ ಯಂತ್ರದಲ್ಲಿ ಈ ಕೆಲಸ ಫ್ಲೈವೀಲಿನದು. ಅದರ ಅಂಚಿನ ತೂಕ 6 ಕಿಲೋಗ್ರಾಂ, ತ್ರಿಜ್ಯ 20 ಸೆಂಟಿಮೀಟರ್, ಪೆಡಲಿನ ಒಂದು ಸುತ್ತಿಗೆ ಅದರ ಸುತ್ತು ನಾಲ್ಕು ಎಂದು ಭಾವಿಸೋಣ. ನಿಮಿಷಕ್ಕೆ 40 ಸುತ್ತು ತುಳಿದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿ ಸುಮಾರು 34 ಜೂಲ್ ಮಾತ್ರ. ಆದರೆ 100 ವ್ಯಾಟ್ ಸಾಮರ್ಥ್ಯದಲ್ಲಿ ಪೆಡಲಿನ ಪ್ರತಿಯೊಂದು ಅರ್ಧ ಸುತ್ತಿಗೂ 75 ಜೂಲ್ ಒದಗಬೇಕು. ಸಂಗ್ರಹ ಚಿಕ್ಕದು, ಖರ್ಚು ದೊಡ್ಡದು. ಆದುದರಿಂದ ಚಕ್ರ ತುಳಿತತುಳಿತಕ್ಕೂ ನಿಧಾನವಾಗಿ, ಕಾಲು ಅದನ್ನು ಮತ್ತೆಮತ್ತೆ ಜಗ್ಗಿ ನೂಕಬೇಕಾಗುತ್ತದೆ. ಈ ಜಗ್ಗಾಟ ಮಂಡಿಗೆ ಹಿತವಲ್ಲ.

ಪರಿಹಾರಕ್ಕೆ ಹೊಸ ಯಂತ್ರ ಬೇಡ. ತಡೆಯ ತಿರುಪನ್ನು ಸಡಿಲಿಸಿ, ನಿಮಿಷಕ್ಕೆ 80 ಸುತ್ತು ತುಳಿಯಿರಿ. ಚಕ್ರದ ವೇಗ ಇಮ್ಮಡಿಯಾಗಿ ಅದರ ಚಲನಶಕ್ತಿ ನಾಲ್ಮಡಿಯಾಗುತ್ತದೆ, ಸುಮಾರು 135 ಜೂಲ್. ಸಾಮರ್ಥ್ಯ ಅದೇ 100 ವ್ಯಾಟ್ ಇದ್ದರೂ ಅರ್ಧ ಸುತ್ತಿನ ಖರ್ಚು 75ರಿಂದ 38ಕ್ಕೆ ಇಳಿಯುತ್ತದೆ. ತುಳಿತ ನಯವಾಗುತ್ತದೆ. ಪೆಡಲಿನ ಮೇಲಿನ ಬಲವೂ ಅರ್ಧವಾಗುತ್ತದೆ. 17 ಸೆಂಟಿಮೀಟರ್ ಉದ್ದದ ಪೆಡಲುಗೋಲಿಗೆ 40 ಸುತ್ತಿನ ವೇಗದಲ್ಲಿ ಸರಾಸರಿ 140 ನ್ಯೂಟನ್ ಬಲ ಬೇಕಾದರೆ, 80 ಸುತ್ತಿನ ವೇಗದಲ್ಲಿ 70 ನ್ಯೂಟನ್ ಸಾಕು. 14 ಕಿಲೋಗ್ರಾಂ ಹೊರೆಯ ಬದಲು 7 ಕಿಲೋಗ್ರಾಂ ಹೊರೆಯನ್ನು ಎರಡು ಪಟ್ಟು ಸಲ ಸಾಗಿಸಿದಂತೆ. ಆದರೆ ಅತಿಯೂ ಸಲ್ಲದು. ಬಹಳ ಬೇಗ ತುಳಿದರೆ ಕಾಲುಗಳನ್ನು ಆಡಿಸುವುದಕ್ಕೇ ಶಕ್ತಿ ವ್ಯರ್ಥವಾಗುತ್ತದೆ. ಹೊಸಬರು 60ರಿಂದ ಆರಂಭಿಸಿ ಕ್ರಮೇಣ 80ರ ಕಡೆಗೆ ಏರುವುದು ಲೇಸು.

ರಸ್ತೆಯಿಂದ ತಂದ ಒಂದು ತಪ್ಪು ರೂಢಿ

ರಸ್ತೆಯಲ್ಲಿ ಸೈಕಲ್ಲು ನಿಂತಾಗ ಬೀಳದಂತೆ ಕಾಲೂರಬೇಕು. ಅದಕ್ಕೋಸ್ಕರ ಅನೇಕರು ಸೀಟನ್ನು ತಗ್ಗಿಸಿಕೊಂಡಿರುತ್ತಾರೆ. ಮನೆಯ ಬೈಸಿಕಲ್ ಬೀಳುವಂಥದಲ್ಲ. ಅಲ್ಲಿ ಕಾಲೂರುವ ಅಗತ್ಯವೇ ಇಲ್ಲ. ಆದರೂ ಹಳೆಯ ರೂಢಿ ಬಿಡುವುದಿಲ್ಲ. ನಮ್ಮ ತಂದೆಯವರು ಸೀಟಿನಲ್ಲಿ ಕುಳಿತು ಎರಡು ಪಾದಗಳನ್ನೂ ನೆಲಕ್ಕೆ ಊರಿ ನೋಡಿ, ಎತ್ತರ ಸರಿಯಾಗಿದೆಯೆಂದು ನಿಶ್ಚಯಿಸಿದ್ದರು. ಸೀಟು ತಗ್ಗಿದ್ದರೆ ತುಳಿಯುವಾಗ ಮಂಡಿ ಅತಿಯಾಗಿ ಮಡಿಯುತ್ತದೆ. ಮಡಿಕೆ ಹೆಚ್ಚಿದಷ್ಟೂ ಮಂಡಿಚಿಪ್ಪು ತೊಡೆಯ ಮೂಳೆಯ ಮೇಲೆ ಹೆಚ್ಚು ಒತ್ತುತ್ತದೆ.

ಸರಿಯಾದ ಎತ್ತರವನ್ನು ಕಂಡುಕೊಳ್ಳುವ ಸುಲಭ ವಿಧಾನವೊಂದುಂಟು. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಬೇರೆ ಬೇರೆ ಎತ್ತರಗಳಲ್ಲಿ ತುಳಿಸಿ ನೋಡಿ, ಸೀಟಿನ ಎತ್ತರ ಕಾಲಿನ ಒಳ ಅಳತೆಯ ನೂರಕ್ಕೆ 109ರಷ್ಟಿದ್ದರೆ ತುಳಿತ ಹೆಚ್ಚು ಫಲಕಾರಿಯೆಂದು ಕಂಡರು. ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗಿನ ದೂರವೇ ಒಳ ಅಳತೆ. ಅದನ್ನು 1.09ರಿಂದ ಗುಣಿಸಿ. ಪೆಡಲು ಸೀಟಿನಿಂದ ಅತ್ಯಂತ ದೂರದಲ್ಲಿರುವಾಗ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ಅಷ್ಟು ದೂರವಿರಬೇಕು. ನಮ್ಮ ತಂದೆಯವರ ಒಳ ಅಳತೆ 78 ಸೆಂಟಿಮೀಟರ್. ಇರಬೇಕಾದ ಎತ್ತರ 85. ಟೇಪು ಹಿಡಿದು ನೋಡಿದರೆ ಇದ್ದುದು 76! ಅವರ ಮಂಡಿನೋವಿಗೆ ಆ ಒಂಬತ್ತು ಸೆಂಟಿಮೀಟರುಗಳೇ ಉತ್ತರ ಹೇಳಿದವು.

ಈ ಅಳತೆ ಆರಂಭಕ್ಕೆ ಮಾತ್ರ. ಪೆಡಲು ತಳದಲ್ಲಿರುವಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಡಿದಿರಬೇಕು. ತುಳಿಯುವಾಗ ಸೊಂಟ ಅತ್ತಿತ್ತ ಹೊರಳಿದರೆ ಸೀಟು ಎತ್ತರವಾಯಿತೆಂದು ತಿಳಿದು ಒಂದೆರಡು ಸೆಂಟಿಮೀಟರ್ ಇಳಿಸಬೇಕು. ಬಹಳ ತಗ್ಗಿದ್ದ ಸೀಟನ್ನು ಒಮ್ಮೆಗೇ ಏರಿಸದೆ ನಾಲ್ಕಾರು ದಿನಗಳಲ್ಲಿ ಏರಿಸುವುದು ಉಚಿತ.

ಮೂರನೆಯ ಕೊಡುಗೆ: ಹಳ್ಳದಿಣ್ಣೆ

ರಸ್ತೆಯ ಹಳ್ಳದಿಣ್ಣೆಗಳನ್ನು ಶಪಿಸದ ಸವಾರನಿಲ್ಲ. ಆದರೆ ಪ್ರತಿಯೊಂದು ಹಳ್ಳಕ್ಕೂ ಅವನು ಸೀಟಿನಿಂದ ತುಸು ಏಳುತ್ತಾನೆ, ತಿರುವಿನಲ್ಲಿ ವಾಲುತ್ತಾನೆ, ಏರಿನಲ್ಲಿ ನಿಂತು ತುಳಿಯುತ್ತಾನೆ. ಪ್ರತಿಸಲವೂ ಒತ್ತಿಹೋದ ಮಾಂಸಖಂಡದಲ್ಲಿ ರಕ್ತ ಮತ್ತೆ ಹರಿಯುತ್ತದೆ. ಕೋಣೆಯಲ್ಲಿ ಹಳ್ಳವೂ ಇಲ್ಲ, ತಿರುವೂ ಇಲ್ಲ. ಭಾರವೆಲ್ಲ ಒಂದೇ ಕಡೆ ಬಿದ್ದು, ಕಾಲು ಜೋಮು ಹಿಡಿಯುತ್ತದೆ, ಕುಳಿತ ಭಾಗ ನೋಯುತ್ತದೆ.

ಮೆತ್ತನೆಯ ದಿಂಬನ್ನು ಕಟ್ಟಿಕೊಳ್ಳುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದು ಅನೇಕ ವೇಳೆ ತಿರುಗುಬಾಣವಾಗುತ್ತದೆ. ನಾವು ಕುಳಿತಾಗ ಭಾರ ಹೊರಲು ಪ್ರಕೃತಿ ಒದಗಿಸಿರುವುದು ಪೃಷ್ಠದ ಎರಡು ಮೂಳೆಗಳನ್ನು. ಅತಿ ಮೆತ್ತನೆಯ ದಿಂಬಿನಲ್ಲಿ ಆ ಮೂಳೆಗಳು ಹೂತು, ನಡುವಿನ ಮೃದುವಾದ ಭಾಗಕ್ಕೆ ಒತ್ತಡ ತಗಲುತ್ತದೆ. ಮೂಳೆಗಳೆರಡೂ ನೆಲೆಯಾಗುವಷ್ಟು ಅಗಲವಿದ್ದು, ಮಟ್ಟವಾಗಿ ನಿಂತ, ತಕ್ಕಮಟ್ಟಿಗೆ ಗಟ್ಟಿಯಾದ ಸೀಟೇ ದೀರ್ಘಕಾಲಕ್ಕೆ ಸುಖಕರ. ಜೊತೆಗೆ, ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ತುಳಿತ ನಿಲ್ಲಿಸಿ, ಚಕ್ರ ನಿಂತ ಮೇಲೆ ಪೆಡಲಿನ ಮೇಲೆಯೇ ಎದ್ದು ನಿಲ್ಲಬೇಕು. ಇಲ್ಲದ ಹಳ್ಳವನ್ನು ನಾವೇ ಕಲ್ಪಿಸಿಕೊಂಡಂತೆ!

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಇದನ್ನೆಲ್ಲ ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಮನೆಯಲ್ಲಿ ಇಂಥ ಯಂತ್ರವಿರುವ ಆರೋಗ್ಯವಂತ ವಿದ್ಯಾರ್ಥಿಗಳು ಸ್ವತಃ ಪರೀಕ್ಷಿಸಬಹುದು. ತಡೆಯ ತಿರುಪನ್ನು ಒಂದು ಗುರುತಿನಲ್ಲಿಟ್ಟು, ನಿಮಿಷಕ್ಕೆ 60 ಸುತ್ತಿನಂತೆ, ಮಾತನಾಡಲು ಸಾಧ್ಯವಾಗುವಷ್ಟೇ ಶ್ರಮದಲ್ಲಿ 20 ನಿಮಿಷ ತುಳಿಯಿರಿ. ಐದೈದು ನಿಮಿಷಕ್ಕೊಮ್ಮೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಒಂದು ದಿನ ಫ್ಯಾನಿಲ್ಲದೆ, ಮತ್ತೊಂದು ದಿನ ಅದೇ ಹೊತ್ತಿನಲ್ಲಿ ಫ್ಯಾನಿನೊಡನೆ ಹೀಗೆ ಮಾಡಿ, ಎರಡನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ. ಮೊದಲ ಐದು ನಿಮಿಷ ರೇಖೆಗಳು ಹತ್ತಿರ ಹತ್ತಿರವೇ ಇರುವುದುಂಟು. ಅನಂತರ ಅವು ಹೇಗೆ ಅಗಲುತ್ತವೆ ಎಂಬುದನ್ನು ನೋಡಿ. ತಲೆ ಸುತ್ತಿದರೆ ಕೂಡಲೆ ನಿಲ್ಲಿಸಬೇಕು. ಹೃದಯದ ತೊಂದರೆಯುಳ್ಳವರೂ ಹಿರಿಯರೂ ವೈದ್ಯರನ್ನು ಕೇಳದೆ ಈ ಪ್ರಯೋಗಕ್ಕೆ ಕೈಹಾಕಬಾರದು.

ನಮ್ಮ ತಂದೆಯವರ ವಿಷಯ ಹೇಳಿ ಮುಗಿಸಬೇಕು. ಹ್ಯಾಂಡಲ್ಲಿನ ಮೇಲಿನ ಟವಲನ್ನು ತೆಗೆದು, ವೈದ್ಯರನ್ನು ಮತ್ತೊಮ್ಮೆ ಕೇಳಿ, ಸೀಟನ್ನು ಏರಿಸಿ, ತಿರುಪನ್ನು ಸಡಿಲಿಸಿ, ಫ್ಯಾನನ್ನು ಎದುರಿಗಿಟ್ಟು ಅವರನ್ನು ಕೂರಿಸಿದೆವು. ಮೊದಲ ದಿನ ಹನ್ನೆರಡು ನಿಮಿಷ ತುಳಿದರು. ವಾರಗಳು ಕಳೆದಂತೆ ಅದು ಅರ್ಧ ಗಂಟೆಯಾಯಿತು. ಮಂಡಿಯ ಮಾತು ಈಗ ಅವರ ಬಾಯಲ್ಲಿ ಬರುವುದು ಅಪರೂಪ. ದಿನದಿನದ ನಾಡಿಯ ಅಂಕಿಗಳನ್ನು ಹಳೆಯ ಡೈರಿಯೊಂದರಲ್ಲಿ ಅವರೇ ಬರೆದಿಡುತ್ತಿದ್ದಾರೆ. ಅವರ ಕಾಲಿನ ಸತ್ತ್ವ ಎಲ್ಲಿಯೂ ಹೋಗಿರಲಿಲ್ಲ. ರಸ್ತೆ ಬಿಟ್ಟಿಯಾಗಿ ಕೊಡುತ್ತಿದ್ದುದನ್ನು ಕೋಣೆಯಲ್ಲಿ ನಾವು ಒದಗಿಸಿರಲಿಲ್ಲ, ಅಷ್ಟೆ. ನಿಮ್ಮ ಮನೆಯ ಮೂಲೆಯಲ್ಲಿಯೂ ಬಟ್ಟೆ ಒಣಗಿಸುತ್ತ ನಿಂತ ಬೈಸಿಕಲ್ಲೊಂದಿದ್ದರೆ, ಅದನ್ನು ಬಿಟ್ಟವರು ಯಾರು, ಏಕೆ ಬಿಟ್ಟರು ಎಂದು ಕೇಳಿ ನೋಡಿ. ಅವರು ತಮ್ಮ ವಯಸ್ಸನ್ನು ದೂರಿದರೆ, ಅಳತೆಯ ಟೇಪೊಂದನ್ನು ಹುಡುಕಿ ತನ್ನಿ.